‘ರ‍್ಯಾಮಿಫಿಕೇಶನ್’ ಅಂದ್ರೆ ಬರೀ ‘ಪರಿಣಾಮ’ನಾ? ಕನ್ನಡದಲ್ಲಿ ಏನನ್ನಬೇಕು?

ಬೆರಳಚ್ಚು
ಎಲ್ಲರಿಗೂ ನಮಸ್ಕಾರ. ಒಂದು ಇಂಗ್ಲಿಷ್ ಪದ ಮೂರು ದಿನದಿಂದ ತಲೆ ತಿನ್ನುತ್ತಿದೆ.

ಶರೀರರಚನೆಯ ಪಾಠವೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ಅದರಲ್ಲಿ ಒಂದು ರಕ್ತನಾಳದ ಬಗ್ಗೆ ‘ಟರ್ಮಿನಲ್ ರ‍್ಯಾಮಿಫಿಕೇಶನ್ಸ್’ ಅಂತ ಬಂತು. ನನಗೆ ಈ ಪದ ಗೊತ್ತಿದ್ದದ್ದು ಸುದ್ದಿಗಳಿಂದ ಮಾತ್ರ. ‘ಈ ತೀರ್ಪಿನ ರ‍್ಯಾಮಿಫಿಕೇಶನ್ಸ್ ದೊಡ್ಡವು’ ಅಂತ ಬರೆಯುತ್ತಾರಲ್ಲ, ಹಾಗೆ. ಯೋಚನೆ ಮಾಡದೆ ‘ಅಂತಿಮ ಪರಿಣಾಮಗಳು’ ಎಂದು ಬರೆದು ಮುಂದೆ ಹೋದೆ.

ಕರಡು ಓದಿದ ಗೆಳತಿ ಕೇಳಿದಳು: ‘ಈ ನಾಳ ಕಟ್ಟಿಕೊಂಡರೆ ರೋಗಿ ಸಾಯ್ತಾನಾ? ಏನು ಪರಿಣಾಮ ಅಂತ ಬರೆದೇ ಇಲ್ಲವಲ್ಲ.’ ಮೂಲ ತೆಗೆದು ನೋಡಿದೆ. ಅಲ್ಲಿ ಸಾವೂ ಇಲ್ಲ, ರೋಗವೂ ಇಲ್ಲ. ನಾಳ ಚರ್ಮದ ಕೆಳಗೆ ಸಣ್ಣ ಸಣ್ಣದಾಗಿ ಹರಡಿಕೊಳ್ಳುತ್ತದೆ, ಅಷ್ಟೇ. ಅದೇ ಪುಸ್ತಕದಲ್ಲಿ ಇಪ್ಪತ್ತು ಪುಟ ಆದಮೇಲೆ ಇದೇ ಪದ ‘ಪರಿಣಾಮ’ದ ಅರ್ಥದಲ್ಲೂ ಬರುತ್ತದೆ.

ಮೊದಲು ಯಾವ ಅರ್ಥ ಇತ್ತು? ಎರಡೂ ಕಡೆ ಹೊಂದುವ ಒಂದೇ ಕನ್ನಡ ಪದ ಇದೆಯಾ?

ಎಲೆಮರೆ
ಕವಲು. ಪ್ರಶ್ನೆ ಮುಗೀತು.

ಪದಗಂಟು
ಎಲೆಮರೆ ಅವರ ಉತ್ತರ ಸರಿ, ಆದರೆ ಪ್ರಶ್ನೆ ಅಷ್ಟಕ್ಕೆ ಮುಗಿಯಲ್ಲ.

ಲ್ಯಾಟಿನ್‌ನಲ್ಲಿ ‘ರಾಮುಸ್’ ಅಂದರೆ ಕೊಂಬೆ. ‘ಫಾಕೆರೆ’ ಅಂದರೆ ಮಾಡು. ಎರಡೂ ಸೇರಿ ‘ಕೊಂಬೆ ಬಿಡುವುದು’. ಫ್ರೆಂಚ್ ಮೂಲಕ ಇಂಗ್ಲಿಷಿಗೆ ಬಂತು. 17ನೇ ಶತಮಾನದಲ್ಲಿ ಇದು ಗಿಡಮರಗಳ ಕವಲಿಗೆ, ಮೈಯೊಳಗಿನ ನಾಳ-ನರಗಳ ಕವಲಿಗೆ ಬಳಕೆಯಾಗುತ್ತಿದ್ದ ಪದ. ‘ಒಂದು ಕೆಲಸದಿಂದ ಹರಡಿಕೊಳ್ಳುವ ಪರಿಣಾಮ’ ಅನ್ನುವುದು ಆಮೇಲೆ ಬಂದ ಅರ್ಥ. ಅಂದರೆ ನಿಮ್ಮ ಶರೀರರಚನೆಯ ಪುಸ್ತಕದಲ್ಲಿ ಇರುವುದೇ ಹಳೆಯ ಅರ್ಥ. ಸುದ್ದಿಯಲ್ಲಿ ಬರುವುದು ಮರದಿಂದ ಎರವಲು ತಂದದ್ದು.

ಇನ್ನೊಂದು ವಿಷಯ. ‘ರಾಮುಸ್’ಗೂ ಬೇರು ಅನ್ನುವ ‘ರಾಡಿಕ್ಸ್’ಗೂ ಒಂದೇ ಮೂಲ ಅಂತ ಹೇಳುವ ನಿಘಂಟುಗಳಿವೆ. ‘ರಾಡಿಕಲ್’, ‘ರ‍್ಯಾಡಿಶ್’ ಹುಟ್ಟಿದ್ದು ಆ ‘ರಾಡಿಕ್ಸ್’ನಿಂದ. ಮೇಲಕ್ಕೆ ಹರಡುವುದಕ್ಕೂ ಕೆಳಕ್ಕೆ ಹರಡುವುದಕ್ಕೂ ಒಂದೇ ಪದ ಇದ್ದಿರಬಹುದು ಅಂದರೆ ನನಗೆ ತುಂಬಾ ಖುಷಿಯಾಗುತ್ತದೆ. ಗಿಡ ಕಿತ್ತು ತಲೆಕೆಳಗೆ ಹಿಡಿದು ನೋಡಿ, ಆಕಾರ ಅದೇ.

ತಿದ್ದುಪಡಿ
ಪದಗಂಟು ಅವರೇ, ಹುಟ್ಟು ಬೇರೆ, ಅರ್ಥ ಬೇರೆ. ಇವತ್ತು ಈ ಪದವನ್ನು ಬಹುವಚನದಲ್ಲಿ ಬಳಸುವ ಹೆಚ್ಚಿನವರ ತಲೆಯಲ್ಲಿ ಮರ ಇರಲ್ಲ. ‘ಲೀಗಲ್ ರ‍್ಯಾಮಿಫಿಕೇಶನ್ಸ್’ ಅಂದಾಗ ವಕೀಲರು ಕೊಂಬೆ ಎಣಿಸುತ್ತಾರಾ? ಅಲ್ಲಿ ‘ಕಾನೂನಿನ ಕವಲುಗಳು’ ಅಂತ ಬರೆದರೆ ಕನ್ನಡ ಓದುಗ ಸಿವಿಲ್, ಕ್ರಿಮಿನಲ್ ಅಂತ ಕಾನೂನಿನ ವಿಭಾಗಗಳನ್ನು ನೆನೆಸಿಕೊಳ್ಳುತ್ತಾನೆ. ಅಲ್ಲಿ ‘ಪರಿಣಾಮ’ವೇ ಸರಿ. ಎರಡು ಅರ್ಥ, ಎರಡು ಪದ. ಒಂದೇ ಪದಕ್ಕೆ ಹಟ ಯಾಕೆ?

ಮಳೆಹನಿ
‘ರೆಂಬೆ’ಗೂ ‘ರಾಮುಸ್’ಗೂ ಏನಾದರೂ ಸಂಬಂಧ ಇದೆಯಾ? ಎರಡೂ ಒಂದೇ ಥರ ಕೇಳಿಸುತ್ತಲ್ವಾ? ಅರ್ಥವೂ ಅದೇ!

ಪದಗಂಟು
ಇಲ್ಲ. ಸದ್ದು ಹೊಂದಿದ ಮಾತ್ರಕ್ಕೆ ನೆಂಟಸ್ತಿಕೆ ಆಗಲ್ಲ. ನಮ್ಮ ‘ರೆಂಬೆ’ಯ ನೆಂಟ ತೆಲುಗಿನ ‘ರೆಮ್ಮ’. ಅದು ದ್ರಾವಿಡ ಮನೆತನ, ಇದು ಲ್ಯಾಟಿನ್ ಮನೆತನ. ಆಕಸ್ಮಿಕವಾಗಿ ಹತ್ತಿರ ಬಂದಿವೆ ಅಷ್ಟೇ. ಆದರೆ ಪದ ನೆನಪಿಟ್ಟುಕೊಳ್ಳಲು ಈ ಹೋಲಿಕೆ ಒಳ್ಳೆಯ ದಾರಿ.

ಹಳೇಓದುಗ
ರೆಂಬೆ ಅಂದ ಕೂಡಲೇ ಕೇಳಬೇಕು ಅನ್ನಿಸಿತು. ಕೊಂಬೆ ದೊಡ್ಡದಾ, ರೆಂಬೆ ದೊಡ್ಡದಾ? ನಾನು ಕಲಿತದ್ದು ಕೊಂಬೆ ದಪ್ಪ, ರೆಂಬೆ ಅದರಿಂದ ಹೊರಟದ್ದು ಅಂತ.

ಎಲೆಮರೆ
ನಮ್ಮಲ್ಲಿ ಎರಡನ್ನೂ ಬೇರೆ ಮಾಡಿದ್ದೇ ಕೇಳಿಲ್ಲ. ‘ರೆಂಬೆಕೊಂಬೆ’ ಅಂತ ಒಟ್ಟಿಗೇ ಹೇಳುವುದು. ಟಿಸಿಲು ಮಾತ್ರ ಎಲ್ಲರಿಗೂ ಸಣ್ಣದೇ.

ಉಸಿರುಗೂಡು
ನಾನು ವೈದ್ಯಕೀಯ ಓದಿದವಳು. ಬೆರಳಚ್ಚು ಅವರಿಗಾದ ಗೊಂದಲ ನಮ್ಮ ತರಗತಿಯಲ್ಲೂ ಆಗಿತ್ತು. ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತೇನೆ.

ಈ ಪದದ ನಿಜವಾದ ರೂಪ ನೋಡಬೇಕಾದರೆ ಶ್ವಾಸಕೋಶ ನೋಡಿ. ಗಂಟಲಿನಿಂದ ಒಂದು ಕೊಳವೆ ಇಳಿಯುತ್ತದೆ. ಅದು ಎರಡಾಗುತ್ತದೆ. ಎರಡು ನಾಲ್ಕಾಗುತ್ತದೆ. ಹೀಗೆ ಗಾಳಿಚೀಲ ಮುಟ್ಟುವ ಹೊತ್ತಿಗೆ ಸುಮಾರು 23 ಸಲ ಕವಲೊಡೆದಿರುತ್ತದೆ. ಮೊದಲ 16 ಸುತ್ತಿನ ಕೊಳವೆಗಳ ಕೆಲಸ ಗಾಳಿ ಸಾಗಿಸುವುದು ಮಾತ್ರ. ಕೊನೆಯ 7 ಸುತ್ತುಗಳಲ್ಲಿ ಗೋಡೆಗೆ ಗಾಳಿಚೀಲಗಳು ಅಂಟಿಕೊಂಡಿರುತ್ತವೆ. ಉಸಿರು ರಕ್ತಕ್ಕೆ ಸೇರುವುದು ಅಲ್ಲಿ.

ತರಗತಿಯಲ್ಲಿ ಶ್ವಾಸಕೋಶದ ಒಂದು ಅಚ್ಚು ತೋರಿಸಿದ್ದರು. ಕೊಳವೆಗಳೊಳಗೆ ರಾಳ ತುಂಬಿ, ಅದು ಗಟ್ಟಿಯಾದ ಮೇಲೆ ಸುತ್ತಲಿನ ಮಾಂಸವನ್ನೆಲ್ಲ ಕರಗಿಸಿ ತೆಗೆದದ್ದು. ಕೈಯಲ್ಲಿ ಹಿಡಿದಾಗ ಎಲೆ ಉದುರಿದ ಮರವನ್ನು ತಲೆಕೆಳಗು ಮಾಡಿದ ಹಾಗೆ ಇತ್ತು. ತುದಿಗಳು ಎಷ್ಟು ಸಣ್ಣ ಅಂದರೆ ಕಡ್ಡಿ ಕಾಣಿಸುತ್ತಿರಲಿಲ್ಲ, ಬೂದುಬಣ್ಣದ ಜೊಂಪೆ ಥರ ಕಾಣುತ್ತಿತ್ತು. ಆ ಜೊಂಪೆಗೆ ನಮ್ಮ ಪುಸ್ತಕದಲ್ಲಿ ಇದ್ದ ಹೆಸರು ‘ರ‍್ಯಾಮಿಫಿಕೇಶನ್ಸ್’. ಅಲ್ಲಿಂದ ಈಚೆಗೆ ಆ ಪದ ಓದಿದಾಗಲೆಲ್ಲ ಕಣ್ಣ ಮುಂದೆ ಬರುವುದು ಅದೇ.

‘ಟರ್ಮಿನಲ್’ ಅಂದರೆ ಇಲ್ಲಿ ತುದಿ. ‘ತುದಿಗವಲು’ ಅನ್ನಿ.

ಸೊನ್ನೆಒಂದು
23 ಸಲ ಎರಡಾದರೆ 83,88,608. ಸುಮಾರು 84 ಲಕ್ಷ ತುದಿಗಳು. ಒಂದೇ ಕೊಳವೆಯಿಂದ!

ಉಸಿರುಗೂಡು
ಲೆಕ್ಕ ಚೆನ್ನಾಗಿದೆ, ಆದರೆ ಶ್ವಾಸಕೋಶ ಅಷ್ಟು ಸಮನಾಗಿ ಹೋಗಲ್ಲ. ಎರಡು ಕವಲಲ್ಲಿ ಒಂದು ದಪ್ಪ, ಒಂದು ಸಣ್ಣ ಇರುತ್ತದೆ. ಕೆಲವು ದಾರಿಗಳು ಬೇಗ ಮುಗಿಯುತ್ತವೆ, ಕೆಲವು ಇನ್ನೂ ಮುಂದೆ ಹೋಗುತ್ತವೆ. 23 ಅನ್ನುವುದು ಸರಾಸರಿ ಅಂದುಕೊಳ್ಳಿ.

ಕೋಡುಗಾರ
ಹಾಗಾದರೆ ‘ಬೈಫರ್ಕೇಶನ್’ಗೂ ಇದಕ್ಕೂ ಏನು ವ್ಯತ್ಯಾಸ? ಎರಡಕ್ಕೂ ‘ಕವಲು’ ಅಂದರೆ ಗೊಂದಲ ಆಗಲ್ವಾ?

ಪದಗಂಟು
ಒಳ್ಳೆಯ ಪ್ರಶ್ನೆ. ‘ಫುರ್ಕಾ’ ಅಂದರೆ ಲ್ಯಾಟಿನ್‌ನಲ್ಲಿ ಕವೆಗೋಲು. ‘ಬೈಫರ್ಕೇಶನ್’ ಅಂದರೆ ಒಂದು ಕಡೆ, ಒಂದು ಸಲ, ಎರಡಾಗುವುದು. ‘ರ‍್ಯಾಮಿಫಿಕೇಶನ್’ ಅಂದರೆ ಆಗುತ್ತಲೇ ಹೋಗುವುದು. ಕವಲಿಗೆ ಕವಲು, ಅದಕ್ಕೆ ಇನ್ನೊಂದು ಕವಲು. ಮೊದಲನೆಯದಕ್ಕೆ ‘ಇಬ್ಬಾಗ’ ಅಥವಾ ‘ಇಗ್ಗವಲು’ ಅನ್ನಬಹುದು. ಎರಡನೆಯದಕ್ಕೆ ‘ಕವಲೊಡೆತ’. ಇನ್ನೂ ಸಣ್ಣಕ್ಕೆ ಹೋದಾಗ ‘ಟಿಸಿಲೊಡೆಯುವುದು’.

ತಿದ್ದುಪಡಿ
‘ಇಗ್ಗವಲು’ ಯಾರ ಬಾಯಲ್ಲೂ ಕೇಳಿಲ್ಲ. ಹೊಸ ಪದ ಕಟ್ಟುವ ಮೊದಲು ಇರುವ ಪದ ಬಳಸೋಣ. ‘ಎರಡು ಕವಲಾಗುತ್ತದೆ’ ಅಂದರೆ ಸಾಕಲ್ಲ?

ಪದಗಂಟು
ಸರಿ, ಒಪ್ಪಿದೆ. ‘ಎರಡು ಕವಲಾಗುತ್ತದೆ’ ಚೆನ್ನಾಗಿದೆ.

ಕುಂಡದಮರ
ಬೊನ್ಸಾಯ್ ಬೆಳೆಸುವವರು ಯಾರೂ ಬಂದೇ ಇಲ್ಲವಲ್ಲ! ನಾವು ಈ ಪದವನ್ನು ದಿನಾ ಬಳಸುತ್ತೇವೆ, ಅದೂ ಹಳೆಯ ಅರ್ಥದಲ್ಲೇ. ಒಂದು ಬೊನ್ಸಾಯ್ ನೋಡಿ ‘ರ‍್ಯಾಮಿಫಿಕೇಶನ್ ಚೆನ್ನಾಗಿದೆ’ ಅಂದರೆ ಅದಕ್ಕಿಂತ ದೊಡ್ಡ ಹೊಗಳಿಕೆ ಇಲ್ಲ. ತುದಿಯ ಕಡ್ಡಿಗಳು ಎಷ್ಟು ದಟ್ಟ, ಎಷ್ಟು ಸಣ್ಣ, ಎಷ್ಟು ಸಲ ಕವಲೊಡೆದಿವೆ ಅನ್ನುವುದರ ಮೇಲೆ ಆ ಮಾತು ಬರುತ್ತದೆ. ಕಾಂಡ ದಪ್ಪಗಿದ್ದು ತುದಿಯಲ್ಲಿ ನಾಲ್ಕೇ ಉದ್ದ ಕಡ್ಡಿ ಇದ್ದರೆ ಮರ ಅನ್ನಿಸಲ್ಲ, ನೆಟ್ಟ ಗೂಟ ಅನ್ನಿಸುತ್ತದೆ.

ಅದು ತಾನಾಗಿ ಬರಲ್ಲ. ಗಿಡದ ತುದಿಕುಡಿಯಲ್ಲಿ ಆಕ್ಸಿನ್ ಅನ್ನುವ ಹಾರ್ಮೋನ್ ಹುಟ್ಟಿ ಕೆಳಕ್ಕೆ ಇಳಿಯುತ್ತದೆ. ಅದು ಇಳಿಯುತ್ತಿರುವಷ್ಟು ಕಾಲ ಪಕ್ಕದ ಮೊಗ್ಗುಗಳು ಮಲಗಿರುತ್ತವೆ. ಕುಡಿ ಚಿವುಟಿದರೆ ಆ ತಡೆ ಹೋಗುತ್ತದೆ, ಪಕ್ಕದವು ಏಳುತ್ತವೆ. ಮೇಪಲ್ ಥರದ ಗಿಡದಲ್ಲಿ ಎಲೆಗಳು ಎದುರುಬದುರು ಜೋಡಿಯಾಗಿ ಬರುತ್ತವೆ. ಮೊದಲ ಜೋಡಿ ಎಲೆ ಬಿಡಿಸಿಕೊಳ್ಳುವಾಗ ನಡುವೆ ಇನ್ನೊಂದು ಪುಟ್ಟ ಕುಡಿ ಮುಚ್ಚಿದ ಕೈ ಥರ ಇರುತ್ತದೆ. ಅದನ್ನು ಚಿಮಟದಲ್ಲಿ ತೆಗೆಯಬೇಕು. ಎರಡು ದಿನ ತಡವಾದರೆ ಗೆಣ್ಣಿನ ಅಂತರ ಉದ್ದವಾಗಿಬಿಡುತ್ತದೆ. ಸರಿಯಾದ ಹೊತ್ತಿಗೆ ತೆಗೆದರೆ ಎರಡೂ ಎಲೆಯ ಬುಡದಿಂದ ಒಂದೊಂದು ಕಡ್ಡಿ ಹೊರಡುತ್ತದೆ. ಒಂದು ಎರಡಾಯಿತು. ಮುಂದಿನ ಸಲ ನಾಲ್ಕು.

ನನ್ನ ಹತ್ತಿರ ಇರುವ ಒಂದು ಗಿಡಕ್ಕೆ ಒಂಬತ್ತು ವರ್ಷ ಹೀಗೆ ಮಾಡಿದ್ದೇನೆ. ಎಲೆ ಉದುರಿದಾಗ ಮಾತ್ರ ಅದರ ಕವಲು ಕಾಣುತ್ತದೆ. ಆ ಕೆಲವು ವಾರಗಳಿಗಾಗಿ ಉಳಿದ ವರ್ಷವೆಲ್ಲ ಕಾಯುತ್ತೇನೆ.

ಹಾಗಾಗಿ ತಿದ್ದುಪಡಿ ಅವರೇ, ಈ ಪದದಲ್ಲಿ ಮರ ಸತ್ತಿಲ್ಲ.

ತಿದ್ದುಪಡಿ
ಕುಂಡದಮರ ಅವರೇ, ಇದು ನನಗೆ ಗೊತ್ತಿರಲಿಲ್ಲ. ಗಿಡ ಬೆಳೆಸುವವರ ಬಾಯಲ್ಲಿ ಇನ್ನೂ ಇದೆ ಅನ್ನುವುದನ್ನು ಒಪ್ಪುತ್ತೇನೆ. ‘ಮರ ಇರಲ್ಲ’ ಅಂದದ್ದು ಜಾಸ್ತಿಯಾಯಿತು. ಆದರೆ ಸುದ್ದಿಯ ಭಾಷೆಯ ಬಗ್ಗೆ ನನ್ನ ಮಾತು ಹಾಗೇ ಇದೆ.

ಮಳೆಹನಿ
ಕುಂಡದಮರ ಅವರೇ, ಫೋಟೋ ಹಾಕಿ ಪ್ಲೀಸ್!

ಕುಂಡದಮರ
ಈಗ ಎಲೆ ತುಂಬಿದೆ, ಏನೂ ಕಾಣಲ್ಲ. ಉದುರಲಿ, ಖಂಡಿತ ಹಾಕುತ್ತೇನೆ.

ನಡುಗೆರೆ
ಸುದ್ದಿಯ ಭಾಷೆಯ ವಿಷಯಕ್ಕೇ ಬರೋಣ. ತಿದ್ದುಪಡಿ ಅವರು ‘ಪರಿಣಾಮವೇ ಸರಿ’ ಅಂದರು. ನಾನು ಒಪ್ಪಲ್ಲ.

ಇಂಗ್ಲಿಷಿನಲ್ಲಿ ‘ಪರಿಣಾಮ’ದ ಸುತ್ತ ನಾಲ್ಕು ಪದ ಇವೆ, ನಾಲ್ಕಕ್ಕೂ ಬೇರೆ ಬೇರೆ ಚಿತ್ರ. ‘ಕಾನ್ಸಿಕ್ವೆನ್ಸ್’ ಅಂದರೆ ಹಿಂದೆಯೇ ಬರುವುದು. ‘ಇಂಪ್ಲಿಕೇಶನ್’ನಲ್ಲಿ ಮಡಿಕೆ ಇದೆ, ಒಳಗೆ ಮಡಚಿ ಇಟ್ಟದ್ದು. ‘ರೀಪರ್ಕಶನ್’ ಅಂದರೆ ತಿರುಗಿ ಬಂದು ಬಡಿಯುವುದು. ‘ರ‍್ಯಾಮಿಫಿಕೇಶನ್’ ಅಂದರೆ ಕವಲಾಗಿ ಹರಡುವುದು. ನಾಲ್ಕನ್ನೂ ನಾವು ‘ಪರಿಣಾಮ’ ಅನ್ನುವ ಒಂದೇ ಡಬ್ಬಿಗೆ ಹಾಕುತ್ತೇವೆ. ಓದುಗನಿಗೆ ನಷ್ಟ ಆಗುವುದು ಅಲ್ಲೇ.

ಒಂದು ಉದಾಹರಣೆ. ಶಾಲೆಯೊಂದು ಬೆಳಗಿನ ಗಂಟೆಯನ್ನು ಒಂದು ತಾಸು ಮುಂದೆ ಹಾಕಿತು ಅನ್ನಿ. ಮಕ್ಕಳು ಒಂದು ತಾಸು ಜಾಸ್ತಿ ಮಲಗುತ್ತಾರೆ. ಇದು ಪರಿಣಾಮ, ಒಂದೇ ಗೆರೆ. ಆದರೆ ಬಸ್ಸಿನ ವೇಳೆಯೂ ಬದಲಾಯಿತು. ಅದೇ ಬಸ್ಸಿನಲ್ಲಿ ಕೆಲಸಕ್ಕೆ ಹೋಗುತ್ತಿದ್ದವರು ಬೇರೆ ದಾರಿ ಹುಡುಕಬೇಕಾಯಿತು. ಸಂಜೆ ಮೈದಾನದಲ್ಲಿ ಆಟದ ಹೊತ್ತು ಕಡಿಮೆಯಾಯಿತು. ಮೈದಾನದ ತರಬೇತುದಾರ ಒಂದು ಗುಂಪನ್ನು ಬಿಡಬೇಕಾಯಿತು. ಮನೆಯಲ್ಲಿ ಅಜ್ಜಿ ಔಷಧಿ ತಗೊಳ್ಳುವ ಹೊತ್ತಿಗೆ ನೆನಪಿಸಲು ಮೊಮ್ಮಗಳು ಬಂದಿರಲ್ಲ. ಗಂಟೆ ಬದಲಿಸಿದವರು ಇದ್ಯಾವುದನ್ನೂ ಯೋಚಿಸಿರಲಿಲ್ಲ. ಇದನ್ನು ‘ಪರಿಣಾಮ’ ಅಂದರೆ ಅರ್ಧ ಹೇಳಿದ ಹಾಗೆ. ಒಂದರಿಂದ ಇನ್ನೊಂದು ಹೊರಟದ್ದು, ಯಾರೂ ನೋಡದ ಕಡೆಗೂ ಹೋದದ್ದು ಆ ಪದದಲ್ಲಿ ಇಲ್ಲ.

ನಾನು ಬರೆಯುವುದಾದರೆ ‘ಈ ತೀರ್ಮಾನ ಎಲ್ಲೆಲ್ಲಿಗೆ ಕವಲೊಡೆಯುತ್ತದೆ’ ಅನ್ನುತ್ತೇನೆ. ನಾಮಪದ ಬಿಟ್ಟು ಕ್ರಿಯಾಪದ ಹಿಡಿದರೆ ಕನ್ನಡ ತಾನಾಗಿ ದಾರಿ ಕೊಡುತ್ತದೆ.

ಹಳೇಓದುಗ
ನಡುಗೆರೆ ಅವರ ಮಾತಿಗೆ ಒಂದು ಸೇರಿಸುತ್ತೇನೆ. ಕನ್ನಡದಲ್ಲೂ ಮರ ಇದೆ, ಆದರೆ ನಾವು ಮರದ ಬೇರೆ ಭಾಗ ಹಿಡಿದಿದ್ದೇವೆ. ‘ಫಲ’, ‘ಪ್ರತಿಫಲ’, ‘ಫಲಿತಾಂಶ’. ಎಲ್ಲ ಹಣ್ಣು! ಮಾಡಿದ ಕೆಲಸದ ಕೊನೆಯಲ್ಲಿ ಏನು ಸಿಕ್ಕಿತು ಅಂತ ನೋಡುವ ಪದಗಳು. ಇಂಗ್ಲಿಷಿನ ಈ ಪದ ಹಣ್ಣಿನ ತನಕ ಹೋಗಲ್ಲ, ಕೊಂಬೆಯಲ್ಲೇ ನಿಂತು ಎಷ್ಟು ದೂರ ಹರಡಿತು ಅಂತ ನೋಡುತ್ತದೆ.

ಬೆರಳಚ್ಚು
ಹಳೇಓದುಗ ಅವರೇ, ಈ ಮಾತು ಓದಿ ಎದ್ದು ಓಡಾಡಿಬಿಟ್ಟೆ. ಹಣ್ಣಿನ ಪದ, ಕೊಂಬೆಯ ಪದ. ನನ್ನ ತಪ್ಪು ಎಲ್ಲಿ ಆಯಿತು ಅಂತ ಈಗ ಗೊತ್ತಾಯಿತು.

ಕೋಡುಗಾರ
ಒಳ್ಳೆಯ ಸಂಗತಿಗೂ ಈ ಪದ ಬಳಸುತ್ತಾರಾ? ನಾನು ಕೇಳಿದಾಗೆಲ್ಲ ಏನೋ ತೊಂದರೆ ಬರುತ್ತಿದೆ ಅನ್ನುವ ದನಿಯೇ ಇರುತ್ತದೆ.

ತಿದ್ದುಪಡಿ
ದಿನಬಳಕೆಯಲ್ಲಿ ಹೆಚ್ಚಾಗಿ ಹಾಗೇ. ತೊಡಕಿನ, ಬೇಡದ, ಮೊದಲು ಕಾಣದ ಪರಿಣಾಮಗಳಿಗೆ. ಗಿಡಕ್ಕೆ, ನರಕ್ಕೆ ಬಳಸಿದಾಗ ಒಳ್ಳೆಯದು ಕೆಟ್ಟದ್ದು ಎರಡೂ ಇಲ್ಲ. ಮತ್ತೆ ಪರಿಣಾಮದ ಅರ್ಥದಲ್ಲಿ ಇದು ಹೆಚ್ಚಾಗಿ ಬಹುವಚನದಲ್ಲೇ ಬರುತ್ತದೆ. ನಡುಗೆರೆ ಅವರ ವಾದಕ್ಕೆ ಇದು ಬಲ ಕೊಡುತ್ತದೆ ಅಂತ ನಾನೇ ಹೇಳುತ್ತೇನೆ. ಒಂದೇ ಕೊಂಬೆ ಇದ್ದರೆ ಕವಲು ಅನ್ನಲ್ಲವಲ್ಲ.

ಟಿಪ್ಪಣಿ
ದಯವಿಟ್ಟು ‘ರ‍್ಯಾಟಿಫಿಕೇಶನ್’ ಜೊತೆ ಕಲಸಬೇಡಿ. ನಾನು ಕೆಲಸ ಮಾಡುತ್ತಿದ್ದ ಕಡೆ ಸಭೆಯ ನಡಾವಳಿಯಲ್ಲಿ ‘ಒಪ್ಪಂದದ ರ‍್ಯಾಮಿಫಿಕೇಶನ್‌ಗೆ ಸಭೆ ಸೇರಿದೆವು’ ಅಂತ ಅಚ್ಚಾಗಿತ್ತು. ಬರೆಯಬೇಕಾದದ್ದು ‘ರ‍್ಯಾಟಿಫಿಕೇಶನ್’, ಅಂದರೆ ಅನುಮೋದನೆ. ಓದಿದವರು ಒಪ್ಪಂದದಲ್ಲಿ ಏನೋ ಎಡವಟ್ಟಾಗಿದೆ ಅಂದುಕೊಂಡು ಫೋನ್ ಮೇಲೆ ಫೋನ್ ಮಾಡಿದರು. ಒಂದು ಅಕ್ಷರ.

ಸೊನ್ನೆಒಂದು
ಗಣಿತದಲ್ಲೂ ಈ ಪದ ಇದೆ, ಆದರೆ ಅಲ್ಲಿ ಒಂದು ತಿರುವು. ಹೇಳಲೇಬೇಕು.

9ಕ್ಕೆ ಎರಡು ವರ್ಗಮೂಲ: 3 ಮತ್ತು −3. 0.01ಕ್ಕೂ ಎರಡು: 0.1 ಮತ್ತು −0.1. ಸೊನ್ನೆಯ ಹತ್ತಿರ ಬಂದಷ್ಟೂ ಎರಡೂ ಹತ್ತಿರ ಬರುತ್ತವೆ. ಸೊನ್ನೆಯಲ್ಲಿ ಎರಡೂ ಸೇರಿ ಒಂದೇ ಆಗುತ್ತದೆ. ಗಣಿತದವರು ‘ಇಲ್ಲಿ ರ‍್ಯಾಮಿಫೈ ಆಗುತ್ತದೆ’ ಅನ್ನುವುದು ಆ ಸೊನ್ನೆಗೆ! ಅಂದರೆ ಕವಲುಗಳು ದೂರ ದೂರ ಇರುವ ಕಡೆಗಲ್ಲ, ಕೂಡುವ ಗೆಣ್ಣಿಗೆ.

ಸಂಖ್ಯೆಗಳಲ್ಲೂ ಹೀಗೇ. −1ರ ವರ್ಗಮೂಲ ‘ಐ’ಯನ್ನು ಪೂರ್ಣಾಂಕಗಳ ಜೊತೆ ಸೇರಿಸಿ. ಆಗ 5 ಒಡೆಯುತ್ತದೆ: (2+ಐ) ಗುಣಿಸು (2−ಐ). ಎರಡು ಬೇರೆ ಬೇರೆ ತುಂಡು. 3 ಒಡೆಯುವುದೇ ಇಲ್ಲ. 2 ಮಾತ್ರ ವಿಚಿತ್ರ: (1+ಐ) ಗುಣಿಸು (1−ಐ). ನೋಡಲು ಬೇರೆ ಬೇರೆ, ಆದರೆ (1+ಐ)ಯನ್ನು −ಐ ಇಂದ ಗುಣಿಸಿದರೆ (1−ಐ)ಯೇ ಬರುತ್ತದೆ. ಅಂದರೆ ಎರಡೂ ಒಂದೇ ತುಂಡು, ಎರಡು ಸಲ ಬಂದಿದೆ. ‘ರ‍್ಯಾಮಿಫೈಡ್’ ಅನ್ನಿಸಿಕೊಳ್ಳುವುದು 5 ಅಲ್ಲ, 2.

ಕೋಡುಗಾರ
ಅದು ಉಲ್ಟಾ ಆಯಿತಲ್ಲ?

ಸೊನ್ನೆಒಂದು
ಉಲ್ಟಾ ಅಲ್ಲ. ಮರದಲ್ಲಿ ಕವಲು ಎಲ್ಲಿದೆ ಅಂತ ಕೇಳಿದರೆ ಬೆರಳು ಎಲ್ಲಿ ಇಡುತ್ತೀರಿ? ತುದಿಯಲ್ಲಲ್ಲ, ಎರಡು ಕೊಂಬೆ ಸೇರುವ ಜಾಗದಲ್ಲಿ.

ಎಲೆಮರೆ
ಕನ್ನಡದ ‘ಕವಲು’ ಎರಡನ್ನೂ ಹೇಳುತ್ತೆ ನೋಡಿ. ಒಡೆಯುವ ಜಾಗವೂ ಕವಲೇ, ಒಡೆದು ಹೊರಟದ್ದೂ ಕವಲೇ. ಮೊದಲನೇ ಉತ್ತರದಲ್ಲೇ ಹೇಳಿದ್ದೆ.

ಮಳೆಹನಿ
ನದಿಗೂ ಹೇಳಬಹುದಾ? ನದಿಗೆ ಎಷ್ಟೊಂದು ಹಳ್ಳ ಸೇರುತ್ತವೆ, ನಕ್ಷೆಯಲ್ಲಿ ಥೇಟ್ ಮರದ ಥರ ಕಾಣುತ್ತೆ.

ನಡುಗೆರೆ
ಆಕಾರ ಮರದ್ದೇ, ಆದರೆ ನೀರಿನ ದಿಕ್ಕು ನೋಡಬೇಕು. ಹಳ್ಳಗಳು ಬಂದು ಸೇರುತ್ತವೆ, ಅವು ಉಪನದಿ. ಕಡಲ ಹತ್ತಿರ ನದಿ ಒಡೆದು ಹಂಚಿಹೋಗುತ್ತದಲ್ಲ, ಅದು ಕವಲು.

ಉಸಿರುಗೂಡು
ಬೆರಳಚ್ಚು ಅವರೇ, ನಡುಗೆರೆ ಹೇಳಿದ್ದು ನಿಮ್ಮ ಪುಸ್ತಕಕ್ಕೂ ಬೇಕಾಗುತ್ತದೆ. ಧಮನಿ ಹೃದಯದಿಂದ ಹೊರಟು ಒಡೆಯುತ್ತಾ ಹೋಗುತ್ತದೆ, ಅದಕ್ಕೆ ‘ಬ್ರಾಂಚ್’ ಅನ್ನುತ್ತೇವೆ. ಸಿರೆ ಹೃದಯದ ಕಡೆಗೆ ಬರುತ್ತಾ ಸೇರಿಕೊಳ್ಳುತ್ತದೆ, ಅದಕ್ಕೆ ನದಿಯ ಪದವೇ: ‘ಟ್ರಿಬ್ಯುಟರಿ’. ಆದ್ದರಿಂದ ಧಮನಿಗೆ ‘ಕವಲು’, ಸಿರೆಗೆ ‘ಉಪಸಿರೆ’ ಅಥವಾ ‘ಬಂದು ಸೇರುವ ಸಿರೆ’. ಎರಡಕ್ಕೂ ಕವಲು ಅಂತ ಬರೆದರೆ ರಕ್ತ ಹಿಂದಕ್ಕೆ ಹರಿದ ಹಾಗಾಗುತ್ತದೆ.

ಬೆರಳಚ್ಚು
ಅಯ್ಯೋ, ಸಿರೆಗೂ ಕವಲು ಅಂತಲೇ ಬರೆದಿದ್ದೆ. ಹನ್ನೊಂದು ಕಡೆ. ಈಗಲೇ ಕೂತು ತಿದ್ದುತ್ತೇನೆ.

ಎರಡು ವಾಕ್ಯ ಹೀಗೆ ಮಾಡಿದ್ದೇನೆ, ನೋಡಿ ಹೇಳಿ:
‘ಈ ಧಮನಿಯ ತುದಿಗವಲುಗಳು ಚರ್ಮದ ಕೆಳಗೆ ಟಿಸಿಲುಗಳಾಗಿ ಹರಡುತ್ತವೆ.’
‘ಬೇಗ ಗುರುತಿಸದಿದ್ದರೆ ಈ ಪೆಟ್ಟಿನ ಪರಿಣಾಮಗಳು ಕವಲೊಡೆದು ನಡಿಗೆ, ನಿದ್ದೆ, ದುಡಿಮೆ ಎಲ್ಲವನ್ನೂ ಮುಟ್ಟುತ್ತವೆ.’

ತಿದ್ದುಪಡಿ
ಎರಡನೆಯದು ತುಂಬಾ ಚೆನ್ನಾಗಿದೆ. ‘ಪರಿಣಾಮ’ವೂ ಉಳಿಯಿತು, ‘ಕವಲೊಡೆದು’ವೂ ಬಂತು. ಮೊದಲನೆಯದರಲ್ಲಿ ‘ಟಿಸಿಲುಗಳಾಗಿ’ ಬದಲು ‘ಟಿಸಿಲೊಡೆದು’ ಇರಲಿ.

ಬೆರಳಚ್ಚು
ಬದಲಿಸಿದೆ. ಮುಂದಿನ ಪುಟಕ್ಕೆ ಬಂದೆ. ಕೆಳದವಡೆಯ ಮೂಳೆ. ಅದರಲ್ಲಿ ಕಿವಿಯ ಕಡೆಗೆ ಮೇಲಕ್ಕೆ ಏರುವ ಭಾಗಕ್ಕೆ ‘ರೇಮಸ್’ ಅಂತ ಹೆಸರು ಕೊಟ್ಟಿದ್ದಾರೆ. ಇದೂ ಅದೇ ಕೊಂಬೆನಾ?

ಪದಗಂಟು
ಅದೇ ರಾಮುಸ್!

ಉಸಿರುಗೂಡು
ಕಿವಿಯ ಮುಂದೆ ಬೆರಳಿಟ್ಟು ಬಾಯಿ ತೆರೆದು ಮುಚ್ಚಿ ನೋಡಿ. ಅಲ್ಲಿ ಅಲುಗುತ್ತದಲ್ಲ, ಅದು ಆ ಕೊಂಬೆಯ ತುದಿ. ‘ದವಡೆಯ ಏರುಗೊಂಬೆ’ ಅಂದರೆ ಹೇಗೆ?

ತಿದ್ದುಪಡಿ
‘ಏರುಗೊಂಬೆ’ ಬೇಡ, ಆಟದ ಗೊಂಬೆ ಅಂತ ಓದಿಬಿಡುತ್ತಾರೆ. ‘ಏರುಗವಲು’ ಮಾಡಿ.